ಸುಂಕ ಇಳಿದರೂ ಹಂಪ್ ಇಳಿಯುವುದಿಲ್ಲ: ಮಲೆನಾಡಿನಲ್ಲಿ ಸ್ಪೋರ್ಟ್ಸ್ ಕಾರಿನ ಒಡೆತನ

2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆಯ ಅಧಿಕಾರಿಗಳು ಬೆಂಗಳೂರಿನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ ಸುಮಾರು 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡರು. ಹೊರ ರಾಜ್ಯದ ನೋಂದಣಿಯಲ್ಲಿ ಓಡುತ್ತಾ ಕರ್ನಾಟಕಕ್ಕೆ ತೆರಿಗೆ ಕಟ್ಟಿಲ್ಲ ಎಂಬುದು ಅವುಗಳ ಮೇಲಿದ್ದ ಆರೋಪ. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿ ಹೊಂದಿದ್ದ ಒಂದು ಫೆರಾರಿ ಎಸ್‌ಎಫ್90 ಕಾರಿಗೆ ಬೆಂಗಳೂರಿನ ಆರ್‌ಟಿಒ ಕಚೇರಿಯಲ್ಲಿ 1.41 ಕೋಟಿ ರೂಪಾಯಿ ತೆರಿಗೆ ವಸೂಲಾಯಿತು. ಇದಾದ ಕೆಲವೇ ತಿಂಗಳಿಗೆ, 2026ರ ಜನವರಿ 27ರಂದು, ಭಾರತ ಮತ್ತು ಐರೋಪ್ಯ ಒಕ್ಕೂಟದ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿದು, ಯುರೋಪಿನ ಕಾರುಗಳ ಮೇಲಿನ 110 ಶೇಕಡಾ ಸುಂಕ ಕ್ರಮೇಣ 10ಕ್ಕೆ ಇಳಿಯಲಿದೆ ಎಂಬ ಸುದ್ದಿ ಬಂತು.

ಒಂದು ಕಡೆ ಒಂದೇ ಕಾರಿಗೆ ಕೋಟಿ ದಾಟಿದ ತೆರಿಗೆ, ಇನ್ನೊಂದು ಕಡೆ ಸುಂಕವೇ ಕರಗುವ ಭರವಸೆ. ಹಾಗಾದರೆ ಫೆರಾರಿ, ಲಂಬೋರ್ಗಿನಿ, ಪೋರ್ಶೆಗಳು ಇನ್ನು ಶಿವಮೊಗ್ಗದ ಅಡಕೆ ವರ್ತಕರ ಮನೆಯಂಗಳಕ್ಕೂ ಬರುತ್ತವೆಯೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿದೆ. ಉತ್ತರ ಹುಡುಕಲು ಹೊರಟರೆ ಕಾರನ್ನು ಕೊಳ್ಳುವ ಖರ್ಚು ಮತ್ತು ಕಾರನ್ನು ಇಟ್ಟುಕೊಳ್ಳುವ ಕಷ್ಟ ಎರಡೂ ಬೇರೆ ಬೇರೆ ಎಂಬುದು ಬೇಗನೆ ಗೊತ್ತಾಗುತ್ತದೆ. ಮೊದಲನೆಯದನ್ನು ದೆಹಲಿ ಮತ್ತು ಬೆಂಗಳೂರು ನಿರ್ಧರಿಸುತ್ತವೆ. ಎರಡನೆಯದನ್ನು ಇಲ್ಲಿನ ರಸ್ತೆ, ಮಳೆ ಮತ್ತು ದೂರ ನಿರ್ಧರಿಸುತ್ತವೆ.

ಒಂದು ಕೋಟಿ ಮೂರೂವರೆ ಕೋಟಿಯಾಗುವ ಬಗೆ

ಹಡಗಿನ ಸಾಗಣೆ ಮತ್ತು ವಿಮೆ ಸೇರಿ ಭಾರತದ ಬಂದರಿಗೆ ಬಂದಿಳಿದಾಗ 1 ಕೋಟಿ ರೂಪಾಯಿ ಬೆಲೆಯ ಒಂದು ಪೆಟ್ರೋಲ್ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 110 ಶೇಕಡಾ ಆಮದು ಸುಂಕ ಸೇರಿದಾಗ ಅದು 2.10 ಕೋಟಿ ಆಗುತ್ತದೆ. ಈ ಮೊತ್ತದ ಮೇಲೆ ಜಿಎಸ್‌ಟಿ ಬೀಳುತ್ತದೆ. ದೊಡ್ಡ ಎಂಜಿನ್ನಿನ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 40 ಶೇಕಡಾ. ಅದಕ್ಕೂ ಮುಂಚೆ 28 ಶೇಕಡಾ ತೆರಿಗೆಯ ಜೊತೆಗೆ 20ರಿಂದ 22 ಶೇಕಡಾ ಪರಿಹಾರ ಸೆಸ್ ಇತ್ತು. 40ರ ಲೆಕ್ಕದಲ್ಲಿ ಕಾರಿನ ಬೆಲೆ 2.94 ಕೋಟಿಗೆ ಏರುತ್ತದೆ. ಇದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಬರುತ್ತದೆ. 20 ಲಕ್ಷ ಮೀರಿದ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಅದು 18 ಶೇಕಡಾ, ಆ ತೆರಿಗೆಯ ಮೇಲೆ ಮತ್ತೆ 11 ಶೇಕಡಾ ಸೆಸ್. ಎರಡೂ ಕೂಡಿ ಹೆಚ್ಚುಕಡಿಮೆ 20 ಶೇಕಡಾ. ಹೀಗೆ ಸುಮಾರು 59 ಲಕ್ಷ ಸೇರಿ ಕಾರು ಮೂರೂವರೆ ಕೋಟಿ ಮುಟ್ಟುತ್ತದೆ. ಮಾರಾಟಗಾರರ ಲಾಭ ಮತ್ತು ಇಲ್ಲಿನ ವಿಮೆಯ ಕಂತು ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಇಲ್ಲಿ ಗಮನಿಸಬೇಕಾದದ್ದು ತೆರಿಗೆಯ ಮೇಲೆ ತೆರಿಗೆ ಕೂರುವ ರೀತಿ. ಪ್ರತಿ ಹಂತವೂ ಹಿಂದಿನ ಹಂತದ ಒಟ್ಟು ಮೊತ್ತವನ್ನೇ ಬುನಾದಿಯಾಗಿ ಹಿಡಿಯುವುದರಿಂದ, ಬುಡದಲ್ಲಿರುವ ಸುಂಕ ಇಳಿದರೆ ಮೇಲಿನದೆಲ್ಲವೂ ತಾನಾಗಿ ಇಳಿಯುತ್ತದೆ. ಅದೇ ಕಾರಿಗೆ ಸುಂಕ 10 ಶೇಕಡಾ ಆದರೆ 1.10 ಕೋಟಿ, ಜಿಎಸ್‌ಟಿ ಸೇರಿ 1.54 ಕೋಟಿ, ಜೀವಾವಧಿ ತೆರಿಗೆ ಸೇರಿ ಸುಮಾರು 1.85 ಕೋಟಿ. ಅಂದರೆ ಬೆಲೆ ಅರ್ಧಕ್ಕೆ ಹತ್ತಿರವಾಗುತ್ತದೆ. ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಸುಂಕ ಇಳಿಸುವ ತೀರ್ಮಾನ ಕೇಂದ್ರದ್ದು, ಆದರೂ ಒಂದೊಂದು ಕಾರಿನಿಂದ ಕರ್ನಾಟಕಕ್ಕೆ ಬರುವ ಜೀವಾವಧಿ ತೆರಿಗೆ 59 ಲಕ್ಷದಿಂದ 31 ಲಕ್ಷಕ್ಕೆ ಕುಸಿಯುತ್ತದೆ. ಮಾರಾಟದ ಸಂಖ್ಯೆ ಹೆಚ್ಚಿ ಈ ಕೊರತೆ ತುಂಬದಿದ್ದರೆ, ಹೊರ ರಾಜ್ಯದ ನಂಬರಿನ ಕಾರುಗಳನ್ನು ಹುಡುಕಿ ತೆರಿಗೆ ವಸೂಲು ಮಾಡುವ ಒತ್ತಡ ರಾಜ್ಯದ ಮೇಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಪರಸ್ಪರ ವಿರುದ್ಧವಾಗಿ ಕಾಣುವ ಎರಡು ಸುದ್ದಿಗಳಿಗೆ ಇರುವ ನಂಟು ಇದು.

ಮಾತುಕತೆ ಮುಗಿಯುವುದು ಮತ್ತು ಒಪ್ಪಂದ ಜಾರಿಯಾಗುವುದು ಒಂದೇ ಅಲ್ಲ. 10 ಶೇಕಡಾ ಎಂಬುದು ಮೊದಲ ದಿನದ ದರವೂ ಅಲ್ಲ, ಹಂತ ಹಂತವಾಗಿ ತಲುಪುವ ಕೊನೆಯ ದರ. ಅದೂ ವರ್ಷಕ್ಕೆ 2.5 ಲಕ್ಷ ಕಾರುಗಳ ಮಿತಿಯೊಳಗೆ. ಆಸ್ಟನ್ ಮಾರ್ಟಿನ್, ಮೆಕ್ಲಾರೆನ್ ಮೊದಲಾದ ಬ್ರಿಟಿಷ್ ಕಾರುಗಳು ಈ ಒಪ್ಪಂದಕ್ಕೆ ಸೇರುವುದೇ ಇಲ್ಲ. ಅವುಗಳ ಸುಂಕವನ್ನು 2025ರ ಜುಲೈ 24ರಂದು ಬ್ರಿಟನ್ನಿನ ಜೊತೆ ಸಹಿಯಾದ ಪ್ರತ್ಯೇಕ ಒಪ್ಪಂದ ನಿರ್ಧರಿಸುತ್ತದೆ, ಅಲ್ಲಿಯೂ ಸಂಖ್ಯೆಯ ಮಿತಿ ಇದೆ. ಆದ್ದರಿಂದ ಈ ವರ್ಷವೇ ಅರ್ಧ ಬೆಲೆಗೆ ಕಾರು ಸಿಗುತ್ತದೆಂದು ಯಾರಾದರೂ ಮುಂಗಡ ಕೇಳಿದರೆ ಕೊಡದಿರುವುದೇ ಕ್ಷೇಮ.

ಹೊರ ರಾಜ್ಯದ ನಂಬರ್ ಪ್ಲೇಟಿನ ತಕರಾರು

ಚಳಿಗಾಲದ ಭಾನುವಾರಗಳಲ್ಲಿ ತೀರ್ಥಹಳ್ಳಿ, ಆಗುಂಬೆಯ ಕಡೆಗೆ ಸಾಲಾಗಿ ಹೋಗುವ ಇಂಥ ಕಾರುಗಳಲ್ಲಿ ಶಿವಮೊಗ್ಗದ ಕೆಎ 14 ಅಥವಾ ಸಾಗರದ ಕೆಎ 15 ಕಾಣುವುದು ಅಪರೂಪ. ಹೊರ ರಾಜ್ಯದ ಅಕ್ಷರಗಳು ಕಂಡರೆ ಅಚ್ಚರಿಯಿಲ್ಲ. ಕಾರಣ ಸರಳ. ಕೋಟಿಗಟ್ಟಲೆ ಬೆಲೆಯ ಕಾರಿಗೆ ಪುದುಚೇರಿಯಂಥ ಕಡೆ ಕಟ್ಟುವ ತೆರಿಗೆಗೂ ಕರ್ನಾಟಕದಲ್ಲಿ ಕಟ್ಟುವ ತೆರಿಗೆಗೂ ದೊಡ್ಡ ಅಂತರವಿದೆ, ಆ ಅಂತರದ ಹಣದಲ್ಲಿ ಇನ್ನೊಂದು ಒಳ್ಳೆಯ ಕಾರನ್ನೇ ಕೊಳ್ಳಬಹುದು.

ಕಾನೂನು ಹೇಳುವುದು ಇಷ್ಟು. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿನ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಕರ್ನಾಟಕ 2014ರಲ್ಲಿ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, 30 ದಿನ ಮೀರಿ ರಾಜ್ಯದಲ್ಲಿ ಇರುವ ಹೊರಗಿನ ವಾಹನ ಜೀವಾವಧಿ ತೆರಿಗೆ ಕಟ್ಟಬೇಕೆಂದು ವಿಧಿಸಿತ್ತು. ಹೈಕೋರ್ಟ್ 2016ರಲ್ಲಿ ಅದನ್ನು ರದ್ದುಪಡಿಸಿತು. ಅಲ್ಲಿಂದೀಚೆಗೆ ಜಗಳವೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿದೆ: ಕಾರು ಇಲ್ಲಿ 12 ತಿಂಗಳು ಇತ್ತೆಂದು ತೋರಿಸುವುದು ಹೇಗೆ? ತಿಂಗಳಿಗೊಮ್ಮೆ ಗಡಿ ದಾಟಿ ಬರುವ ಕಾರಿನ ದಿನಗಳನ್ನು ಎಲ್ಲಿಂದ ಎಣಿಸಬೇಕು? ಟೋಲ್‌ಗೇಟಿನ ಫಾಸ್ಟ್ಯಾಗ್ ದಾಖಲೆ, ಸರ್ವಿಸ್ ಬಿಲ್ಲು, ವಿಮೆಯಲ್ಲಿ ಕೊಟ್ಟಿರುವ ವಿಳಾಸ, ಇವೆಲ್ಲ ಸಾಕ್ಷ್ಯವಾಗಬಲ್ಲವಾದರೂ ಒಂದೊಂದು ಪ್ರಕರಣದಲ್ಲೂ ಅವನ್ನು ಒಟ್ಟುಗೂಡಿಸುವುದು ಸುಲಭದ ಕೆಲಸವಲ್ಲ.

ಮಾಲೀಕರ ವಾದದಲ್ಲಿ ಹುರುಳಿಲ್ಲದಿಲ್ಲ. ರಸ್ತೆಗೆ ಆಗುವ ಹಾನಿ ಅಚ್ಚಿನ (ಆಕ್ಸಲ್) ಮೇಲಿನ ಭಾರದ ಸುಮಾರು ನಾಲ್ಕನೇ ಘಾತದಷ್ಟು ಹೆಚ್ಚುತ್ತದೆ, ಅಂದರೆ ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟಾಗುತ್ತದೆ ಎಂಬುದು ರಸ್ತೆ ಎಂಜಿನಿಯರುಗಳು ಬಹುಕಾಲದಿಂದ ಒಪ್ಪಿದ ಅಂದಾಜು. ಒಂದೂವರೆ ಟನ್ನಿನ ಸ್ಪೋರ್ಟ್ಸ್ ಕಾರಿನ ಒಂದು ಅಚ್ಚು ಹೊರುವುದು ಮುಕ್ಕಾಲು ಟನ್ನಿನಷ್ಟು. ಲಾರಿಯ ಒಂದು ಅಚ್ಚಿಗೆ 2018ರಿಂದ 11.5 ಟನ್ನಿನವರೆಗೆ ಅನುಮತಿ ಇದೆ. ಹಾನಿಯ ಲೆಕ್ಕದಲ್ಲಿ ಲಾರಿಯದು ಹತ್ತಾರು ಸಾವಿರ ಪಟ್ಟು. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರೂ ಓಡದ ಕಾರಿಗೆ 15 ವರ್ಷದ ತೆರಿಗೆಯನ್ನು ಒಂದೇ ಗಂಟಿನಲ್ಲಿ ಕೇಳುವುದು ಅನ್ಯಾಯ ಎಂದು ಅವರು ಹೇಳುತ್ತಾರೆ. ಆದರೆ ಜೀವಾವಧಿ ತೆರಿಗೆಯನ್ನು ರಸ್ತೆ ಸವೆತದ ಬಾಡಿಗೆ ಎಂದು ಓದಿದರೆ ಮಾತ್ರ ಈ ವಾದ ನಿಲ್ಲುತ್ತದೆ. ಬೆಲೆ ಏರಿದಂತೆ ದರವೂ ಏರುವ ಹಾಗೆ ಅದನ್ನು ರಚಿಸಿರುವುದರಿಂದ ಅದು ಕೊಳ್ಳುವವರ ಶಕ್ತಿಯ ಮೇಲಿನ ತೆರಿಗೆ. ಐದಾರು ಲಕ್ಷದ ಸಣ್ಣ ಕಾರು ಕೊಂಡ ಶಾಲಾ ಶಿಕ್ಷಕರು ಪೂರ್ತಿ ತೆರಿಗೆ ಕಟ್ಟಿ ಓಡಿಸುವಾಗ, ಅವರ ನೆರೆಯಲ್ಲೇ ವಾಸವಾಗಿರುವವರು ಹೊರ ರಾಜ್ಯದ ವಿಳಾಸ ತೋರಿಸಿ ತಪ್ಪಿಸಿಕೊಳ್ಳುವುದನ್ನು ಸಮರ್ಥಿಸಲು ಸಾಧ್ಯವಿಲ್ಲ. 2021ರಲ್ಲಿ ಬಂದ ಬಿಎಚ್ ಸರಣಿಯ ನೋಂದಣಿಯಲ್ಲಿ ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟುವ ವ್ಯವಸ್ಥೆ ಇದೆ. ಅದು ವರ್ಗಾವಣೆಯಾಗುವ ನೌಕರರಿಗೆಂದು ಮಾಡಿದ್ದು. ಆ ಕಂತಿನ ಪದ್ಧತಿಯನ್ನು ದುಬಾರಿ ಕಾರುಗಳಿಗೂ ಕರ್ನಾಟಕ ತೆರೆದರೆ ಹೊರ ರಾಜ್ಯಕ್ಕೆ ಓಡುವ ಆಸೆ ಬಹುಮಟ್ಟಿಗೆ ತಗ್ಗೀತು ಎಂಬುದು ಈ ಲೇಖಕರ ಅಭಿಪ್ರಾಯ.

ಘಾಟಿಯ ತಿರುವು ಕೊಡುವ ಸುಖ

ಇಷ್ಟೆಲ್ಲ ಖರ್ಚು ಮಾಡಿ ಇಂಥ ಕಾರನ್ನು ಏಕೆ ಕೊಳ್ಳುತ್ತಾರೆ? ಪ್ರದರ್ಶನದ ಆಸೆ ಎಂದು ತಳ್ಳಿಹಾಕಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. ಉಳಿದರ್ಧ ಯಂತ್ರದ ರಚನೆಯಲ್ಲಿದೆ. ಸಾಮಾನ್ಯ ಕಾರಿನಲ್ಲಿ ಎಂಜಿನ್ ಮುಂದಿನ ಚಕ್ರಗಳ ಮೇಲೆ ಕೂತಿರುತ್ತದೆ; ಫೆರಾರಿ ಎಸ್‌ಎಫ್90, ಲಂಬೋರ್ಗಿನಿ ಹುರಾಕಾನ್ ಮೊದಲಾದವುಗಳಲ್ಲಿ ಅದು ಚಾಲಕರ ಬೆನ್ನ ಹಿಂದೆ, ಎರಡು ಅಚ್ಚುಗಳ ನಡುವೆ ಇರುತ್ತದೆ. ಉದ್ದನೆಯ ಅಡಕೆ ದೋಟಿಯನ್ನು ಅಡ್ಡ ಹಿಡಿದು ಗಕ್ಕನೆ ತಿರುಗಲು ಹೋದರೆ ಅದರ ತುದಿಗಳ ಭಾರ ಮೈಯನ್ನು ಜಗ್ಗುತ್ತದೆ, ಅಷ್ಟೇ ತೂಕದ ಮೂಟೆಯನ್ನು ಎದೆಗೊತ್ತಿ ಹಿಡಿದರೆ ತಿರುಗುವುದು ಸಲೀಸು. ಭಾರವೆಲ್ಲ ನಡುವಿಗೆ ಬಂದ ಕಾರು ಹೇರ್‌ಪಿನ್ ತಿರುವಿನಲ್ಲಿ ಸ್ಟಿಯರಿಂಗಿನ ಮಾತನ್ನು ತಡವಿಲ್ಲದೆ ಕೇಳುವುದು ಇದೇ ಕಾರಣಕ್ಕೆ. ನೆಲಕ್ಕೆ ಹತ್ತಿರ ಕೂರುವುದರಿಂದ ತಿರುವಿನಲ್ಲಿ ಮೈ ವಾಲುವುದಿಲ್ಲ. ಚಕ್ರದಡಿಯ ಡಾಂಬರು ನುಣುಪಾಗಿದೆಯೋ ಒರಟಾಗಿದೆಯೋ ಎಂಬುದು ಅಂಗೈಗೆ ಗೊತ್ತಾಗುತ್ತದೆ.

ಮಲೆನಾಡಿನಷ್ಟು ಇದಕ್ಕೆ ಒಗ್ಗುವ ರಸ್ತೆಗಳು ಕಡಿಮೆ. ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿಯ 14 ತಿರುವುಗಳಾಗಲಿ, ಮಾಸ್ತಿಕಟ್ಟೆಯಿಂದ ಹೊಸಂಗಡಿಗೆ ಇಳಿಯುವ ಹುಲಿಕಲ್ ಘಾಟಿಯಾಗಲಿ, ಅಲ್ಲಿ ವೇಗಕ್ಕಿಂತ ಲಯ ಮುಖ್ಯ. ವೇಗಕ್ಕಂತೂ ಕಾನೂನಿನಲ್ಲಿ ಎಡೆಯಿಲ್ಲ. 2018ರ ಕೇಂದ್ರ ಅಧಿಸೂಚನೆಯಂತೆ ವಿಭಜಕವಿಲ್ಲದ ಸಾಮಾನ್ಯ ರಸ್ತೆಯಲ್ಲಿ ಕಾರಿನ ಗರಿಷ್ಠ ಮಿತಿ ಗಂಟೆಗೆ 70 ಕಿಲೋಮೀಟರ್. ಎಸ್‌ಎಫ್90 ಎರಡೂವರೆ ಸೆಕೆಂಡಿನಲ್ಲಿ 100 ಮುಟ್ಟುವ ಕಾರು. ಅದರ ಪೂರ್ಣ ಶಕ್ತಿಯನ್ನು ಕಾನೂನುಬದ್ಧವಾಗಿ ಬಳಸಬೇಕಾದರೆ ಕೊಯಮತ್ತೂರಿನ ಅಥವಾ ಚೆನ್ನೈ ಬಳಿಯ ರೇಸ್ ಟ್ರ್ಯಾಕಿಗೇ ಹೋಗಬೇಕು.

ನೂರು ಮಿಲಿಮೀಟರಿನ ಪ್ರಶ್ನೆ

ಒಡೆತನದ ಕಿರಿಕಿರಿಗಳಲ್ಲಿ ದಿನವೂ ಎದುರಾಗುವುದು ಹಂಪ್. ಇಂಥ ಕಾರಿನ ಹೊಟ್ಟೆ ಮತ್ತು ನೆಲದ ನಡುವೆ ಇರುವ ಅಂತರ ಸಾಮಾನ್ಯವಾಗಿ 100ರಿಂದ 130 ಮಿಲಿಮೀಟರ್. ಸಾದಾ ಸಣ್ಣ ಕಾರಿನಲ್ಲಿ ಅದು 160 ದಾಟುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಹಂಪಿನ ಎತ್ತರವೂ 100 ಮಿಲಿಮೀಟರ್. ಹಾಗಾದರೆ ಸ್ಪೋರ್ಟ್ಸ್ ಕಾರು ಯಾವ ಹಂಪನ್ನೂ ದಾಟಲಾರದು ಎನಿಸಬಹುದು. ಆದರೆ ಎತ್ತರಕ್ಕಿಂತ ಅಗಲ ಇಲ್ಲಿ ಮುಖ್ಯ.

ಮಾನದಂಡದ ಹಂಪ್ 17 ಮೀಟರ್ ತ್ರಿಜ್ಯದ ಕಮಾನು, ಕಾರು ಸಾಗುವ ದಿಕ್ಕಿನಲ್ಲಿ ಅದರ ಅಗಲ 3.7 ಮೀಟರ್. ಸ್ಪೋರ್ಟ್ಸ್ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ ಸುಮಾರು 2.65 ಮೀಟರ್. ಹಂಪ್ ಅದಕ್ಕಿಂತ ಅಗಲವಾಗಿರುವುದರಿಂದ ಕಾರು ನಡುವಿಗೆ ಬಂದಾಗ ನಾಲ್ಕೂ ಚಕ್ರಗಳು ಹಂಪಿನ ಮೇಲೆಯೇ ಇರುತ್ತವೆ, ಅವುಗಳೂ ಮೇಲಕ್ಕೆ ಏರಿರುತ್ತವೆ. ಲೆಕ್ಕ ಹಾಕಿದರೆ ಚಕ್ರಗಳ ಮಟ್ಟಕ್ಕಿಂತ ಹಂಪಿನ ನೆತ್ತಿ ಮೇಲಿರುವುದು ಸುಮಾರು 52 ಮಿಲಿಮೀಟರ್ ಮಾತ್ರ. 115 ಮಿಲಿಮೀಟರ್ ಅಂತರವಿರುವ ಕಾರು ಯಾವ ತೊಂದರೆಯೂ ಇಲ್ಲದೆ ದಾಟುತ್ತದೆ. ಅದೇ ನೂರು ಮಿಲಿಮೀಟರ್ ಎತ್ತರವನ್ನು ಒಂದು ಮೀಟರ್ ಅಗಲದಲ್ಲಿ ಎಬ್ಬಿಸಿದರೆ, ಮುಂದಿನ ಚಕ್ರ ಇಳಿದು ನೆಲ ಮುಟ್ಟಿರುತ್ತದೆ, ಹಿಂದಿನದು ಇನ್ನೂ ಏರಿರುವುದಿಲ್ಲ, ಹಂಪ್ ಪೂರ್ತಿಯಾಗಿ ಹೊಟ್ಟೆಯ ಕೆಳಗೆ ನಿಲ್ಲುತ್ತದೆ. ಉಳಿಯುವ ಅಂತರ 15 ಮಿಲಿಮೀಟರ್. ಡಾಂಬರು ತುಸು ಉಬ್ಬಿದ್ದರೆ, ಪಕ್ಕದ ಸೀಟಿನಲ್ಲಿ ಇನ್ನೊಬ್ಬರು ಕೂತಿದ್ದರೆ, ಕಾರು ತಳ ಉಜ್ಜಿಕೊಂಡೇ ಹೋಗಬೇಕು. ಶಾಲೆಯ ಮುಂದೆ, ದೇವಸ್ಥಾನದ ಮುಂದೆ, ಅಪಘಾತವಾದ ಮರುದಿನ ಊರವರ ಒತ್ತಾಯಕ್ಕೆ ಹಾಕಿದ ಹಂಪುಗಳು ಬಹುತೇಕ ಈ ಎರಡನೆಯ ಬಗೆಯವು.

ಹಲವು ಕಾರುಗಳಲ್ಲಿ ಗುಂಡಿ ಒತ್ತಿದರೆ ಮೂತಿಯನ್ನು 40 ಮಿಲಿಮೀಟರಿನಷ್ಟು ಎತ್ತುವ ವ್ಯವಸ್ಥೆ ಇದೆ. ಅದು ಮುಂದಿನ ತುಟಿಯನ್ನು ಉಳಿಸುತ್ತದೆ. ಹಿಂಭಾಗ ಏರದ ಕಾರಣ ನಡುಹೊಟ್ಟೆಗೆ ಸಿಗುವುದು ಅದರ ಅರ್ಧದಷ್ಟು ರಕ್ಷಣೆ. ಹಂಪನ್ನು ಓರೆಯಾಗಿ ಏರಿ ಒಂದೊಂದೇ ಚಕ್ರ ದಾಟಿಸುವುದು ಚಾಲಕರು ಕಂಡುಕೊಂಡ ಉಪಾಯ. ಅದಕ್ಕೆ ಎದುರಿನ ಪಥ ಖಾಲಿ ಇರಬೇಕು. 3.75 ಮೀಟರ್ ಅಗಲದ ಏಕಪಥದ ಡಾಂಬರಿನಲ್ಲಿ, ಸುಮಾರು ಎರಡು ಮೀಟರ್ ಅಗಲದ ಕಾರು ಓರೆಯಾಗಲು ಜಾಗವೇ ಇರುವುದಿಲ್ಲ. ಎದುರಿಗೆ ಬಸ್ಸು ಬಂದರೆ ಒಂದು ಬದಿಯ ಚಕ್ರಗಳನ್ನು ಮಣ್ಣಿಗೆ ಇಳಿಸಬೇಕು, ಮಳೆ ಕೊರೆದ ಡಾಂಬರಿನ ಅಂಚು ಅಲ್ಲಿ ಇನ್ನೊಂದು ಮೆಟ್ಟಿಲಾಗಿ ಕಾದಿರುತ್ತದೆ.

ಎತ್ತರ ಹೊಂದಿಸಿಕೊಳ್ಳಬಲ್ಲ, 158ರಿಂದ 248 ಮಿಲಿಮೀಟರಿನವರೆಗೆ ಏರಬಲ್ಲ ಲಂಬೋರ್ಗಿನಿ ಉರುಸ್ ಭಾರತದಲ್ಲಿ ಆ ಕಂಪನಿಯ ಮುಖ್ಯ ಮಾದರಿಯಾಗಿ ಬೆಳೆದದ್ದಕ್ಕೆ ಈ ಲೆಕ್ಕವೂ ಒಂದು ಕಾರಣ. 2023ರಲ್ಲಿ ಆ ಕಂಪನಿ ದೇಶವಿಡೀ ಮಾರಿದ ಕಾರುಗಳೇ 103.

ಮಳೆಗಾಲದಲ್ಲಿ ನಿಂತ ಕಾರು

ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಶಿವಮೊಗ್ಗ ನಗರದಲ್ಲಿ ಅಷ್ಟಿಲ್ಲ, ಪಶ್ಚಿಮಕ್ಕೆ ಹೋದಂತೆ ಮಳೆ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಗಳಲ್ಲಿ ಧರೆ ಕುಸಿಯುತ್ತದೆ, ರಸ್ತೆ ಮುಚ್ಚುತ್ತದೆ. ಟ್ರ್ಯಾಕಿಗೆಂದು ಮಾಡಿದ ಅಗಲದ, ಕಡಿಮೆ ಗೀರುಗಳ ಟೈರು ನೀರನ್ನು ಬದಿಗೆ ತಳ್ಳಲಾರದೆ ಅದರ ಮೇಲೆ ತೇಲುವುದರಿಂದ, ಒದ್ದೆ ಎಲೆ ಹರಡಿದ ತಿರುವಿನಲ್ಲಿ ಅದು ಸಾದಾ ಟೈರಿಗಿಂತ ಅಪಾಯಕಾರಿ. ಹೀಗಾಗಿ ಆರಿದ್ರಾ ಮಳೆ ಹಿಡಿದಲ್ಲಿಂದ ಕಾರು ಶೆಡ್ಡು ಸೇರುತ್ತದೆ, ನಿಜವಾದ ತೊಂದರೆ ಅಲ್ಲಿ ಶುರುವಾಗುತ್ತದೆ.

ನಿಂತ ಕಾರಿನೊಳಗಿನ ಚರ್ಮದ ಸೀಟಿಗೆ ಬೂಷ್ಟು ಬರುತ್ತದೆ. ಇಲಿಗಳು ವೈರು ಕಡಿಯುತ್ತವೆ, ಎಲೆಕ್ಟ್ರಾನಿಕ್ಸ್ ಹೆಚ್ಚಿದ್ದಷ್ಟೂ ಒಂದು ವೈರಿನ ದೋಷ ಹಲವು ವ್ಯವಸ್ಥೆಗಳನ್ನು ನಿಲ್ಲಿಸುತ್ತದೆ. ಅಲಾರಂ ಮತ್ತು ಕಂಪ್ಯೂಟರುಗಳು ಸದಾ ಎಚ್ಚರವಿರುವುದರಿಂದ ಬ್ಯಾಟರಿ ಕೆಲವು ವಾರಗಳಲ್ಲಿ ಬರಿದಾಗುತ್ತದೆ. ಅದಕ್ಕೆಂದೇ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಡುವ ಚಾರ್ಜರ್ ಬರುತ್ತದೆ, ಆದರೆ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಅದನ್ನೇ ನಂಬಿ ಕೂರುವಂತಿಲ್ಲ.

ಪೆಟ್ರೋಲಿನದು ಬೇರೆಯದೇ ಸಮಸ್ಯೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾದವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಆಕ್ಟೇನ್ ಅನ್ನು, ಅಂದರೆ ಇಂಧನ ಎಂಜಿನ್ನಿನೊಳಗೆ ಅಕಾಲದಲ್ಲಿ ಹೊತ್ತಿಕೊಳ್ಳದಂತೆ ತಡೆಯುವ ಗುಣವನ್ನು, ಹೆಚ್ಚಿಸುತ್ತದೆ, ಅದು ಇಂಥ ಎಂಜಿನ್ನಿಗೆ ಒಳ್ಳೆಯದೇ. ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ನಾಲ್ಕು ತಿಂಗಳು ಅರ್ಧ ಟ್ಯಾಂಕಿನಲ್ಲಿ ನಿಂತ ಇಂಧನ ಮಲೆನಾಡಿನ ತೇವವನ್ನು ಹೀರುತ್ತಾ ಹೋದರೆ, ನೀರು ಬೆರೆತ ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ಕೂರುವ ಸಾಧ್ಯತೆ ಇದೆ. ಈ ಮಿಶ್ರಣಕ್ಕೆ ಸಿದ್ಧಗೊಳಿಸದ ಹಳೆಯ ಆಮದು ಕಾರುಗಳ ರಬ್ಬರ್ ಕೊಳವೆಗಳೂ ಸೀಲುಗಳೂ ಇದರಿಂದ ಹಾಳಾಗುತ್ತವೆ. ಟ್ಯಾಂಕನ್ನು ತುಂಬಿ ಗಾಳಿಗೆ ಎಡೆಯಿಲ್ಲದಂತೆ ಮಾಡುವುದು, ಹೊಳವಾದ ದಿನ ಕಾರನ್ನು ಹೊರತೆಗೆದು ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸುವುದು, ಇವು ಸಾಧ್ಯವಿರುವ ಮುನ್ನೆಚ್ಚರಿಕೆಗಳು.

ಏನಾದರೂ ಕೆಟ್ಟರೆ ಕಾರನ್ನು ಸಮತಟ್ಟಾದ ಲಾರಿಯ ಮೇಲೆ ಏರಿಸಿ ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿಗೆ ಸಾಗಿಸಬೇಕು. ಕಂಪನಿಗಳ ಸರ್ವಿಸ್ ದೊಡ್ಡ ನಗರಗಳಾಚೆಗೆ ಬಂದಿಲ್ಲ. ವಿಮೆಯ ವಿಚಾರದಲ್ಲೂ ಒಂದು ಎಚ್ಚರಿಕೆ ಅಗತ್ಯ. ನೀರು ನಿಂತ ರಸ್ತೆಯಲ್ಲಿ ಎಂಜಿನ್ನಿನೊಳಗೆ ನೀರು ಹೊಕ್ಕು ಆಗುವ ಹಾನಿಯನ್ನು ಸಾಮಾನ್ಯ ಪಾಲಿಸಿ ಭರಿಸುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚವನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಮಲೆನಾಡಿನಲ್ಲಿ ಅದನ್ನು ಬಿಟ್ಟು ವಿಮೆ ಮಾಡಿಸಬಾರದು.

ಘಾಟಿಯ ಊರಿನವರ ಮಾತು

ಸ್ಥಳೀಯರ ಆಕ್ಷೇಪ ಕಾರಿನ ಬೆಲೆಯ ಬಗ್ಗೆ ಅಲ್ಲ, ಸದ್ದಿನ ಬಗ್ಗೆ. ಆಗುಂಬೆ ಘಾಟಿ ಸೋಮೇಶ್ವರ ವನ್ಯಜೀವಿ ಅಭಯಾರಣ್ಯದ ನಡುವೆ ಹಾದುಹೋಗುತ್ತದೆ. ಸಿಂಗಳೀಕಗಳಿರುವ ಕಾಡು ಅದು. ಹತ್ತಾರು ಕಾರುಗಳು ಸಾಲಾಗಿ, ಸೈಲೆನ್ಸರ್ ಬದಲಿಸಿಕೊಂಡು ಏರುವಾಗ ಆ ಸದ್ದು ಕಣಿವೆಯುದ್ದಕ್ಕೂ ಮರುದನಿಸುತ್ತದೆ. ಕಂಪನಿ ಕೊಟ್ಟ ಸೈಲೆನ್ಸರ್ ತೆಗೆದು ಸದ್ದು ಹೆಚ್ಚಿಸುವುದು ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪರಾಧ. ಈ ಆಕ್ಷೇಪಕ್ಕೆ ಮಾಲೀಕರಲ್ಲಿ ಸರಿಯಾದ ಉತ್ತರವಿಲ್ಲ, ಇರಲೂ ಸಾಧ್ಯವಿಲ್ಲ. ತಿರುವಿನ ಲಯದ ಸುಖಕ್ಕೆ ಸದ್ದು ಬೇಕಾಗಿಲ್ಲ.

ಪರಿಣಾಮ ಏನಾಗಬಹುದು

ಸುಂಕ ಇಳಿಯುವ ಹಂತದಲ್ಲಿ ಮೊದಲು ನಷ್ಟ ಅನುಭವಿಸುವವರು ಈಗಾಗಲೇ 110 ಶೇಕಡಾ ಸುಂಕ ತೆತ್ತು ಕೊಂಡವರು. ಹೊಸ ಕಾರು ಅಗ್ಗವಾದಂತೆ ಅವರ ಕಾರಿನ ಮರುಮಾರಾಟದ ಬೆಲೆ ಕುಸಿಯುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೊಳ್ಳುವವರಿಗೆ ಬಾಗಿಲು ತೆರೆಯುವುದು ಬಹುಶಃ ಈ ಎರಡನೇ ಕೈ ಮಾರುಕಟ್ಟೆಯಲ್ಲಿಯೇ. ಅಲ್ಲಿಯೂ ಹೊರ ರಾಜ್ಯದ ಕಾರು ಕೊಳ್ಳುವವರು ನಿರಾಕ್ಷೇಪಣಾ ಪತ್ರ, ಇಲ್ಲಿನ ಜೀವಾವಧಿ ತೆರಿಗೆ, ಅಲ್ಲಿ ಕಟ್ಟಿದ ತೆರಿಗೆಯ ಮರುಪಾವತಿ ಇವನ್ನೆಲ್ಲ ಬೆಲೆ ಮಾತಾಡುವ ಮೊದಲೇ ಲೆಕ್ಕಕ್ಕೆ ಸೇರಿಸಬೇಕು. ಬೆಲೆ ಎಷ್ಟೇ ಇಳಿದರೂ ಬಿಡಿಭಾಗ, ಟೈರು, ಬ್ರೇಕು, ಸಾಗಣೆಯ ಖರ್ಚು ಹೊಸ ಕಾರಿನ ಮಟ್ಟದಲ್ಲೇ ಉಳಿಯುತ್ತದೆ. ಅರ್ಧ ಬೆಲೆಗೆ ಕೊಂಡವರ ಪಾಲಿಗೆ ನಿರ್ವಹಣೆ ಇನ್ನೂ ದುಬಾರಿಯಾಗಿ ಕಾಣುವುದು ಇದರಿಂದಲೇ.

ರಸ್ತೆಗಳು ಬದಲಾಗುತ್ತಲೇ ಇವೆ. 2025ರ ಜುಲೈ 14ರಂದು ಉದ್ಘಾಟನೆಯಾದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಮೇಲೆ, ಅದುವರೆಗೆ ಲಾಂಚಿನಲ್ಲಷ್ಟೇ ದಾಟಬಹುದಾಗಿದ್ದ ಶರಾವತಿ ಹಿನ್ನೀರನ್ನು ಈಗ ಯಾವ ಕಾರು ಬೇಕಾದರೂ ದಾಟಬಹುದು. ಆದರೆ ಸೇತುವೆಗೆ ಹೋಗುವ ದಾರಿಯ ಹಂಪುಗಳನ್ನು ಯಾವ ವ್ಯಾಪಾರ ಒಪ್ಪಂದವೂ ತಿದ್ದುವುದಿಲ್ಲ. ಅವನ್ನು 3.7 ಮೀಟರ್ ಅಗಲದ ಮಾನದಂಡಕ್ಕೆ ತರುವುದು ಲೋಕೋಪಯೋಗಿ ಇಲಾಖೆ ಮತ್ತು ಪಂಚಾಯಿತಿಗಳ ಕೆಲಸ. ಸ್ಪೋರ್ಟ್ಸ್ ಕಾರಿನ ಮಾಲೀಕರ ದೂರುಗಳಲ್ಲಿ ಇಡೀ ಊರಿನದೂ ಆಗಿರುವ ದೂರು ಇದೊಂದೇ. ಒಂದು ಮೀಟರಿನ ಕಡಿದಾದ ಹಂಪಿನ ಮೇಲೆ, ಸಾಗರದ ಕಡೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ತುಂಬು ಬಸುರಿಯನ್ನು ಕರೆತರುವ ಆಂಬುಲೆನ್ಸೂ ಕುಲುಕಾಡಿಯೇ ದಾಟಬೇಕಾಗಿದೆ.